ಗೆರೆ ಎಳೆದ ಹನ್ನೆರಡು ಮನೆಗಳು

ಗೋಕಾಕದ ಕಾಲೇಜಿಗೆ ಕಂಪ್ಯೂಟರ್ ಬಂದ ವರ್ಷ ನೇಮಿನಾಥ ಚೌಗಲೆಯವರಿಗೆ ನಲವತ್ತೇಳು ತುಂಬಿತ್ತು. ಅಲ್ಲಿಯವರೆಗೆ ಇಪ್ಪತ್ತೆರಡು ವರ್ಷ ಅವರು ಸಂಖ್ಯಾಶಾಸ್ತ್ರ ಕಲಿಸಿದ್ದು ಸೀಮೆಸುಣ್ಣ ಮತ್ತು ಲಾಗ್ ಟೇಬಲ್ಲಿನ ಬಲದ ಮೇಲೆ. ಐವತ್ತು ಅಂಕಿಗಳನ್ನು ಕೊಟ್ಟು ಸರಾಸರಿ, ವಿಚಲನೆ ತೆಗೆಯಿರಿ ಎಂದರೆ ಒಂದು ಪಿರಿಯಡ್ ಪೂರ್ತಿ ಹುಡುಗರು ಕೂಡುತ್ತ ಕಳೆಯುತ್ತ ಕೂರುತ್ತಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಆ ಅಂಕಿಗಳು ಏನು ಹೇಳುತ್ತವೆ ಎಂದು ಮಾತಾಡಲು ಸಮಯವೇ ಉಳಿಯುತ್ತಿರಲಿಲ್ಲ.

೨೦೦೧ರ ಬೇಸಿಗೆಯಲ್ಲಿ ಬೆಳಗಾವಿಯಲ್ಲಿ ಹತ್ತು ದಿನದ ತರಬೇತಿ ಇತ್ತು. ಅಲ್ಲಿ ಚೌಗಲೆ ಸರ್ ಮೊದಲ ಸಲ ಎಕ್ಸೆಲ್ ನೋಡಿದರು. ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಐವತ್ತು ಅಂಕಿ ಒತ್ತಿ, ಕೆಳಗೆ ಸೂತ್ರ ಬರೆದು ಎಂಟರ್ ಹೊಡೆದಾಗ ಸರಾಸರಿ ಥಟ್ಟನೆ ಬಂದು ಕೂತಿತು. ಅವರು ಕುರ್ಚಿಗೆ ಒರಗಿ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಧ್ಯಾಹ್ನಗಳನ್ನು ಬರೀ ಕೂಡುವುದರಲ್ಲಿ ಕಳೆದೆನಲ್ಲ ಎನ್ನಿಸಿತು.

ಕಾಲೇಜಿನಲ್ಲಿ ಆರು ಕಂಪ್ಯೂಟರ್‌ಗಳಿಗೆ ಒಂದು ಕೋಣೆ ಸಿದ್ಧವಾಯಿತು. ಕಿಟಕಿಗೆ ದಪ್ಪ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡುವ ನಿಯಮ. ಚೌಗಲೆ ಸರ್ ಆ ಕೋಣೆಗೆ ಬಸದಿಗೆ ಹೋಗುವವರಂತೆ ಕಾಲು ಒರೆಸಿಕೊಂಡು ಹೋಗುತ್ತಿದ್ದರು. "ಮನುಷ್ಯಾ ಲೆಕ್ಕ ತಪ್ಪತಾನ, ಇದು ತಪ್ಪಂಗಿಲ್ಲ" ಎಂದು ಆ ವರ್ಷ ಎಷ್ಟು ಸಲ ಹೇಳಿದರೋ ಅವರಿಗೇ ನೆನಪಿಲ್ಲ.

ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಇಪ್ಪತ್ತೆರಡು ಮಂದಿ ಇದ್ದರು. ಅವರಲ್ಲಿ ಒಬ್ಬಳು ಕಾಶೆವ್ವ, ಕಲ್ಲೋಳಿಯವಳು. ತಾಯಿ ಸಾವಂತ್ರೆವ್ವ ಬೇರೆಯವರ ಹೊಲದಲ್ಲಿ ಕಳೆ ತೆಗೆಯುವವಳು. ಹುಡುಗಿ ಮಾತು ಕಡಿಮೆ, ಅಕ್ಷರ ಮಾತ್ರ ಅಚ್ಚು ಒತ್ತಿದಂತೆ. ಕ್ಯಾಲ್ಕುಲೇಟರ್ ಇಲ್ಲದೆ ವರ್ಗಮೂಲ ತೆಗೆಯುತ್ತಿದ್ದಳು. ಇನ್ನೊಬ್ಬಳು ಪ್ರಣಿತಾ, ಚೌಗಲೆ ಸರ್ ಅವರ ಖಾಸ ಅಣ್ಣನ ಮಗಳು. ಮನೆಯಲ್ಲಿ ಕಾಕಾ, ಕಾಲೇಜಿನಲ್ಲಿ ಸರ್. ಅವಳಿಗೆ ಟೈಪಿಂಗ್ ಬರುತ್ತಿತ್ತು, ಹಾಗಾಗಿ ಎಲ್ಲರ ಪ್ರಾಜೆಕ್ಟಿನ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಅವಳ ಪಾಲಿಗೆ ಬಂತು.

ಪ್ರಾಜೆಕ್ಟಿಗೆ ಕಾಶೆವ್ವ ಆರಿಸಿಕೊಂಡ ವಿಷಯ ನೀರು. ಕಲ್ಲೋಳಿಯಲ್ಲಿ ತನ್ನ ಓಣಿಯ ಮತ್ತು ಪಕ್ಕದ ಓಣಿಯ ಅರವತ್ತು ಮನೆಗಳಿಗೆ ಹೋಗಿ, ಮನೆಯ ಹೆಂಗಸು ದಿನಕ್ಕೆ ಎಷ್ಟು ನಿಮಿಷ ನೀರು ತರುವುದರಲ್ಲಿ ಕಳೆಯುತ್ತಾಳೆ ಎಂದು ಕೇಳಿ ಬರೆದುಕೊಂಡಿದ್ದಳು. ಎರಡು ತಿಂಗಳ ಓಡಾಟ. ಕೊನೆಗೆ ನೋಟುಬುಕ್ಕಿನಲ್ಲಿ ಕೈಲೆಕ್ಕ ಮಾಡಿ ಬರೆದಿದ್ದಳು: ಸರಾಸರಿ ತೊಂಬತ್ತು ನಿಮಿಷ.

೨೦೦೨ರ ಫೆಬ್ರುವರಿಯಲ್ಲಿ ಒಂದು ಗುರುವಾರ ಚೌಗಲೆ ಸರ್ ಇಡೀ ತರಗತಿಯನ್ನು ಒಂದು ಕಂಪ್ಯೂಟರಿನ ಸುತ್ತ ನಿಲ್ಲಿಸಿಕೊಂಡು ಒಂದೊಂದೇ ಪ್ರಾಜೆಕ್ಟನ್ನು ಪರೀಕ್ಷಿಸುತ್ತಿದ್ದರು. ಕಾಶೆವ್ವನ ಫೈಲು ತೆರೆದು ಸೂತ್ರ ಹಾಕಿದರು. ಪರದೆಯ ಮೇಲೆ ಎಪ್ಪತ್ತೆರಡು ಬಂತು. ನೋಟುಬುಕ್ಕಿನ ಕೊನೆಯ ಸಾಲನ್ನು ನೋಡಿದರು. ತೊಂಬತ್ತು.

"ಹದಿನೆಂಟ ನಿಮಿಷ ಎಲ್ಲಿಂದ ತಂದಿ?" ಎಂದರು.

ಹಿಂದೆ ಯಾರೋ ನಕ್ಕರು. ಕಾಶೆವ್ವ ಮುಂದೆ ಬಂದು ಪರದೆಯನ್ನು ನೋಡಿದಳು. "ಸರ್, ಹನ್ನೆರಡ ಮನಿಯವು ಸಿಕ್ಕಿಲ್ಲರಿ. ಅಲ್ಲಿ ನಾ ಗೆರಿ ಎಳದೇನಿ. ಇಲ್ಲಿ ನೋಡಿದ್ರ..."

"ಸಿಗದಿದ್ರ ಲೆಕ್ಕದಾಗ ಯಾಕ ತಗೊಂಡಿ?"

"ತಗೊಂಡಿಲ್ಲರಿ. ಆದ್ರ ಇದರಾಗ..."

"ಕಂಪ್ಯೂಟರ್ ಸುಳ್ಳ ಹೇಳತೈತೇನ ಹಂಗಾರ?" ಅವರ ದನಿ ಏರಿತು. ಎರಡು ದಿನದಲ್ಲಿ ಪ್ರಾಚಾರ್ಯರಿಗೆ ಈ ಪ್ರಾಜೆಕ್ಟುಗಳನ್ನು ತೋರಿಸಬೇಕಿತ್ತು, ಇನ್ನೂ ಹನ್ನೊಂದು ಉಳಿದಿದ್ದವು. "ನಿಮ್ಮ ಓಣಿ ಅಂತ ಹೆಚ್ಚ ಮಾಡಿ ಬರದೀ. ತೊಂಬತ್ತ ಅಂದ್ರ ನೋಡಾಕ ಛಲೋ ಕಾಣತೈತಿ. ಇದಕ್ಕ ಸಂಖ್ಯಾಶಾಸ್ತ್ರ ಅನ್ನೂದಿಲ್ಲವ್ವಾ, ಇದಕ್ಕ ಕಥಿ ಅಂತಾರ."

ಈ ಸಲ ನಗು ಜೋರಾಗಿಯೇ ಬಂತು. ಕಾಶೆವ್ವ ಮತ್ತೊಮ್ಮೆ ಬಾಯಿ ತೆರೆದಳು, ಅಷ್ಟರಲ್ಲಿ ಅವರು ಮುಂದಿನ ಫೈಲು ತೆರೆದಾಗಿತ್ತು. ಅವಳು ಹಿಂದೆ ಸರಿದಳು. ಪಿರಿಯಡ್ ಮುಗಿದು ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಅವಳು ಅದಾಗಲೇ ಗೇಟು ದಾಟಿದ್ದಳು.

ಚೌಗಲೆ ಸರ್ ಅವಳ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ "ಅಂಕಿಗಳು ನಂಬಲರ್ಹವಲ್ಲ" ಎಂದು ಬರೆದು ಇಪ್ಪತ್ತೈದಕ್ಕೆ ಒಂಬತ್ತು ಕೊಟ್ಟರು. ಮಾರ್ಚಿನಲ್ಲಿ ಮೂಡಲಗಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ವಿಚಾರಸಂಕಿರಣ ಇತ್ತು. ವಿಷಯ ಚೆನ್ನಾಗಿದೆ, ಅಂಕಿಗಳನ್ನು ಕಂಪ್ಯೂಟರ್ ಸರಿಮಾಡಿದೆ ಎಂದುಕೊಂಡು ಅದೇ ಪ್ರಾಜೆಕ್ಟನ್ನು ಪ್ರಣಿತಾಳ ಕೈಯಿಂದ ಓದಿಸಿದರು. ಬಣ್ಣದ ಕಂಬಗಳ ಚಿತ್ರ ನೋಡಿ ಅಲ್ಲಿಯವರು ತಲೆದೂಗಿದರು. ಪ್ರಣಿತಾಗೆ ಎರಡನೇ ಬಹುಮಾನ ಬಂತು. ಕಾಶೆವ್ವ ಅಷ್ಟೊತ್ತಿಗೆ ಪ್ರಾಯೋಗಿಕ ತರಗತಿಗೆ ಬರುವುದನ್ನು ಬಿಟ್ಟಿದ್ದಳು. ವಾರ್ಷಿಕ ಪರೀಕ್ಷೆಗೂ ಕೂರಲಿಲ್ಲ. ಕಲ್ಲೋಳಿ ಕಡೆಯ ಹುಡುಗಿಯರು ಹೀಗೆ ಅರ್ಧಕ್ಕೆ ಬಿಡುವುದು ಹೊಸದಲ್ಲ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ಚೌಗಲೆ ಸರ್ ಹೌದೆಂದು ತಲೆ ಆಡಿಸಿದರು.

ಆಗಸ್ಟಿನಲ್ಲಿ ಹೊಸ ಎರಡನೇ ವರ್ಷದವರಿಗೆ ಕಂಬಚಿತ್ರ ಬಿಡಿಸುವುದನ್ನು ಹೇಳಿಕೊಡಲು ಅವರಿಗೆ ಒಂದು ಒಳ್ಳೆಯ ಫೈಲು ಬೇಕಿತ್ತು. ಬಹುಮಾನ ಬಂದದ್ದಲ್ಲವೇ ಎಂದು ನೀರಿನ ಫೈಲನ್ನೇ ತೆರೆದರು. ಮೂಡಲಗಿಗೆ ಒಯ್ದ ಚಿತ್ರದಲ್ಲಿ ಎರಡು ಓಣಿಗಳ ಸರಾಸರಿಯಷ್ಟೇ ಇತ್ತು. ಈ ಸಲ ಅವರು ಇಪ್ಪತ್ತು ನಿಮಿಷಕ್ಕೊಂದು ವರ್ಗ ಮಾಡಿ, ಪ್ರತಿ ವರ್ಗದಲ್ಲಿ ಎಷ್ಟು ಮನೆ ಎಂದು ಕಂಬ ನಿಲ್ಲಿಸಿದರು.

ಬಲಗಡೆ ಕಂಬಗಳು ಗುಡ್ಡದ ಹಾಗೆ ಏರಿ ಇಳಿದಿದ್ದವು. ಎಡತುದಿಯಲ್ಲಿ, ಎಲ್ಲವನ್ನೂ ಬಿಟ್ಟು ದೂರ, ಸೊನ್ನೆಯ ಮೇಲೆ ಹನ್ನೆರಡು ಮನೆಯ ಒಂದೇ ಒಂದು ಕಂಬ ಎದ್ದು ನಿಂತಿತ್ತು.

ಧುಪದಾಳದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು, "ಸರ್, ಆ ಹನ್ನೆರಡ ಮನಿಯವ್ರು ನೀರ ತರೂದೇ ಇಲ್ಲೇನ್ರಿ? ನಮ್ಮೂರಾಗ ಹೊಳಿ ಬಾಜೂಕ ಐತ್ರಿ, ಅಣೆಕಟ್ಟ ಐತ್ರಿ, ಆದ್ರೂ ಯಾರ ಮನಿಯೊಳಗೂ ಸೊನ್ನಿ ನಿಮಿಷ ಅನ್ನಂಗಿಲ್ಲರಿ."

ಚೌಗಲೆ ಸರ್ ಆ ಕಂಬವನ್ನೊಮ್ಮೆ ನೋಡಿದರು. ಫೈಲಿನಲ್ಲಿ ಏನೋ ದೋಷ ಇದೆ ಎಂದು ಹೇಳಿ ಮುಚ್ಚಿ, ಅಂದು ಬೇರೆ ಪಾಠ ಮಾಡಿದರು.

ಸಂಜೆ ಸ್ಟಾಫ್ ರೂಮಿನ ಕಪಾಟಿನಿಂದ ಕಾಶೆವ್ವನ ನೋಟುಬುಕ್ಕು ತೆಗೆದರು. ಕೊನೆಯ ಸಾಲನ್ನಲ್ಲ, ಮೊದಲ ಪುಟದಿಂದ ಓದಿದರು. ಅರವತ್ತು ಮನೆ, ಪ್ರತಿ ಮನೆಗೆ ಒಂದು ಸಾಲು. ಹನ್ನೆರಡು ಸಾಲಿನ ಎದುರು ಪೆನ್ಸಿಲ್ಲಿನಿಂದ ಎಳೆದ ಪುಟ್ಟ ಗೆರೆ. ಪುಟದ ಕೆಳಗೆ ಅಚ್ಚಿನಂಥ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: "ಗೆರೆ ಇದ್ದಲ್ಲಿ ಉತ್ತರ ಸಿಕ್ಕಿಲ್ಲ. ಕೊನೆಯ ಮನೆ ಬಿಟ್ಟು ಉಳಿದವಕ್ಕೆ ಮೂರು ಸಲ ಹೋದೆ. ಈ ಮನೆಗಳ ಹೆಂಗಸರು ಹೊತ್ತು ಮೂಡುವ ಮೊದಲೇ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಇವರಿಗೇ ಹೆಚ್ಚು ಹೊತ್ತು ಹಿಡಿಯುತ್ತಿರಬಹುದು, ಆದರೆ ನಾನು ಕೇಳಿಲ್ಲ. ಸರಾಸರಿಗೆ ೪೮ ಮನೆ ಮಾತ್ರ." ಒಟ್ಟು ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು ನಿಮಿಷ. ನಲವತ್ತೆಂಟರಿಂದ ಭಾಗಿಸಿದರೆ ತೊಂಬತ್ತು. ಗೆರೆಯ ಜಾಗದಲ್ಲಿ ಸೊನ್ನೆ ಹಾಕಿ ಅರವತ್ತರಿಂದ ಭಾಗಿಸಿದರೆ ಎಪ್ಪತ್ತೆರಡು. ಉತ್ತರ ಸಿಗದ ಮನೆಯನ್ನು ಕಂಪ್ಯೂಟರಿನಲ್ಲಿ ಖಾಲಿ ಬಿಟ್ಟಿದ್ದರೆ ಅದು ತಾನೇ ಬಿಟ್ಟು ಲೆಕ್ಕ ಹಾಕುತ್ತಿತ್ತು. ಬೆಳಗಾವಿಯಲ್ಲಿ ಮೂರನೇ ದಿನ ಇದನ್ನೇ ಹೇಳಿಕೊಟ್ಟಿದ್ದರು.

ಆಗ ಅವರಿಗೆ ನೆನಪಾಯಿತು. ಜನವರಿಯ ಒಂದು ಮಧ್ಯಾಹ್ನ, ತಾವು ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತ ಕೂತಿದ್ದಾಗ ಪ್ರಣಿತಾ ಕಂಪ್ಯೂಟರಿನಿಂದ ತಲೆ ಎತ್ತಿ ಕೇಳಿದ್ದಳು. "ಕಾಕಾ, ಗೆರಿ ಇದ್ದಲ್ಲಿ ಏನ ಹೊಡೀಲಿ?" ತಾವು ತಲೆ ಎತ್ತದೆ ಹೇಳಿದ್ದರು. "ಸೊನ್ನಿ ಹೊಡಿ."

ಅವರು ಮಾಡಿದ ಮೊದಲ ಕೆಲಸ ಅವರಿಗೇ ಆಮೇಲೆ ನಾಚಿಕೆ ತಂದಿತು. ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲು ಲ್ಯಾಬಿಗೆ ಹೋಗಿ, ಹನ್ನೆರಡು ಸೊನ್ನೆಗಳನ್ನು ಅಳಿಸಿ, ತೊಂಬತ್ತು ಬಂದದ್ದನ್ನು ನೋಡಿ, ಫೈಲನ್ನು ಉಳಿಸಿಟ್ಟರು. ಒಂದು ಕ್ಷಣ ಹಗುರಾಯಿತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹೊಳೆಯಿತು, ತಾವು ಈಗ ಅಳಿಸಿದ್ದು ತಮ್ಮ ತಪ್ಪಿನ ಗುರುತನ್ನು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಒಂದು ತಿಂಗಳು ಹಾಗೇ ಹೋಯಿತು. ಅಂಕಪಟ್ಟಿ ಆಗಿಹೋಗಿದೆ, ಈಗೇನು ಮಾಡಲಾದೀತು ಎಂದುಕೊಂಡರು. ಅವಳು ಹೇಗೂ ಬಿಡುತ್ತಿದ್ದಳೇನೋ ಎಂದುಕೊಂಡರು. ಪ್ರಣಿತಾಳ ಕೈಗೆ ಪ್ರಾಜೆಕ್ಟು ಕೊಟ್ಟದ್ದು ಅವಳಿಗೆ ಮಾತು ಚೆನ್ನಾಗಿ ಬರುತ್ತದೆಂದು, ಅಣ್ಣನ ಮಗಳೆಂದಲ್ಲ. ಇದನ್ನು ಮಾತ್ರ ಅವರು ದಿನಕ್ಕೆರಡು ಸಲ ತಮಗೆ ತಾವೇ ಹೇಳಿಕೊಳ್ಳಬೇಕಾಗುತ್ತಿತ್ತು. ಸಂಜೆ ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದರು. ಹೆಂಡತಿ ಸುಂದರಾಬಾಯಿ ಎರಡು ಸಲ ಕೇಳಿದರು, ಮೂರನೇ ಸಲ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಬಸದಿಯ ಅಂಗಳದಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದು, ತಿಳಿದೋ ತಿಳಿಯದೋ ತಪ್ಪಾಗಿದ್ದರೆ ಕ್ಷಮೆ ಇರಲಿ ಎಂದು ಹೇಳುವ ದಿನ. ಚೌಗಲೆ ಸರ್ ನೂರಾರು ಜನಕ್ಕೆ ಹೇಳಿದರು. ಅವರಲ್ಲಿ ಮುಕ್ಕಾಲು ಮಂದಿಗೆ ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಕೊನೆಗೆ ಪ್ರಣಿತಾ ಬಂದು ಕಾಲು ಮುಟ್ಟಿದಳು. "ಕಾಕಾ, ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ." ಅವರು ಅವಳನ್ನು ಎಬ್ಬಿಸಿ ಮುಖ ತಿರುಗಿಸಿದರು. ಹುಡುಗಿ ಅರ್ಥವಾಗದೆ ಪಕ್ಕದಲ್ಲಿದ್ದ ಚಿಕ್ಕಮ್ಮ ಸುಂದರಾಬಾಯಿಯ ಮುಖ ನೋಡಿದಳು.

ಮನೆಗೆ ಬಂದ ಮೇಲೆ ಅವರು ಹೆಂಡತಿಗೆ ಎಲ್ಲ ಹೇಳಿದರು. ಸುಂದರಾಬಾಯಿ ಅಕ್ಕಿ ಆರಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೆ, "ಯಾರಿಗೆ ತಪ್ಪ ಮಾಡೀರಿ ಅವರ ಕಡೆ ಹೋಗ್ರಿ. ಬಸದ್ಯಾಗ ನಿಂತವ್ರಿಗೆಲ್ಲಾ ಹೇಳಿ ಬಂದ್ರ ಆ ಹುಡುಗಿಗೆ ಏನ ಮುಟ್ಟಿದಂಗಾತು?" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಆ ರವಿವಾರ ಚೌಗಲೆ ಸರ್ ಮೂಡಲಗಿ ಬಸ್ಸು ಹತ್ತಿ ಕಲ್ಲೋಳಿಯಲ್ಲಿ ಇಳಿದರು. ಕೇಳಿಕೊಂಡು ಓಣಿಗೆ ಹೋದಾಗ ಸಾವಂತ್ರೆವ್ವ ಬಾಗಿಲಲ್ಲೇ ಇದ್ದಳು. ಯಾರೆಂದು ತಿಳಿದ ಕೂಡಲೇ ಗಡಿಬಿಡಿಯಿಂದ ಚಾಪೆ ಹಾಸಿ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಅವರು ಆ ತಂಬಿಗೆಯನ್ನು ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಆಮೇಲೆ ಅವಳು ತಪ್ಪು ತಿಳಿದಾಳೆಂದು ಎತ್ತಿ ಅಷ್ಟನ್ನೂ ಕುಡಿದರು.

"ಕಾಶವ್ವ ಹುಕ್ಕೇರ್ಯಾಗ ನಮ್ಮ ತಂಗಿ ಮನ್ಯಾಗ ಅದಾಳರಿ ಸಾಹೇಬ್ರ," ಎಂದಳು ಸಾವಂತ್ರೆವ್ವ. "ಕೂಸಗೋಳ ತೂಕ ಮಾಡಿ ಬರಕೊಳ್ಳೂ ಕೆಲಸ ಅಂತ. ಸಾಲಿ ಯಾಕ ಬಿಟ್ಟಿ ಅಂದ್ರ, ಲೆಕ್ಕ ತಲಿಗೆ ಹತ್ತವಲ್ದವ್ವಾ ಅಂದ್ಳು. ಸಣ್ಣಾಕಿ ಇದ್ದಾಗಿಂದ ಲೆಕ್ಕದಾಗ ಶಾಣ್ಯಾ ಇದ್ದಾಕಿ. ಹಂಗ ಹೆಂಗ ಆತೋ ನನಗ ತಿಳೀಲಿಲ್ಲ. ನಿಮ್ಮಂಥವ್ರು ಮನಿ ತನಕ ಬಂದ್ರಿ, ಛಲೋ ಆತು. ನೀವರ ಬುದ್ಧಿ ಹೇಳ್ರಿ ಅಕಿಗೆ."

ಅವರು ನೆಲ ನೋಡುತ್ತ, "ನೀರಿನ ಲೆಕ್ಕ ಬರಕೊಂಡಾಗ ನಿಮ್ಮ ಮನಿದೂ ಬರದಿದ್ಳೇನ?" ಎಂದು ಕೇಳಿದರು. ಪಟ್ಟಿಯ ಕೊನೆಯ ಮನೆ ಸಾವಂತ್ರೆವ್ವನದು. ಅದರ ಎದುರೂ ಗೆರೆ ಇದ್ದದ್ದು ಅವರಿಗೆ ನೆನಪಿತ್ತು.

"ಇಲ್ಲರಿ. ಬರಕೋ, ಎರಡ ತಾಸಿನ ಮ್ಯಾಲ ಆಗತೈತಿ ಅಂತ ನಾನ ಹೇಳಿದೆ. ಒಲ್ಲೆ ಅಂದ್ಳು. ನಮ್ಮ ಮನಿದು ನಾನ ಬರದ್ರ ಹೆಚ್ಚ ಮಾಡಿ ಬರದಾಳ ಅಂತಾರವ್ವಾ, ಗೆರಿ ಇರಲಿ ಅಂದ್ಳು."

ಚೌಗಲೆ ಸರ್ ಬಂದ ವಿಷಯವನ್ನು ಆ ತಾಯಿಗೆ ಹೇಳಲೇ ಇಲ್ಲ. ಹೇಳಬೇಕೆಂದೇ ಬಂದಿದ್ದರು. ಅವಳು ಓಣಿಯ ತುದಿಯವರೆಗೆ ಕಳಿಸಲು ಬಂದು ಕೈ ಮುಗಿದಾಗ ಅವರೂ ಕೈ ಮುಗಿದು, ಸರಸರ ನಡೆದುಬಿಟ್ಟರು. ಬಸ್ಸಿನಲ್ಲಿ ಕೂತ ಮೇಲೆ ತಮ್ಮ ಹೇಡಿತನ ಹೊಳೆದು, ಕಂಡಕ್ಟರನಿಗೆ ಹುಕ್ಕೇರಿ ಬಸ್ಸಿನ ವೇಳೆ ಕೇಳಿದರು.

ಮರುದಿನ ರಜೆ ಹಾಕಿ ಹುಕ್ಕೇರಿಗೆ ಹೋದರು. ಕಾಶೆವ್ವ ಒಂದು ಮನೆಯ ಕಟ್ಟೆಯ ಮೇಲೆ ಕೂತು ಫಾರ್ಮ್ ತುಂಬುತ್ತಿದ್ದಳು. ಪಕ್ಕದಲ್ಲಿ ತೂಕದ ಕೊಕ್ಕೆ, ಬಟ್ಟೆಯ ಜೋಳಿಗೆ. ಅವರನ್ನು ನೋಡಿ ಎದ್ದು ನಿಂತಳು. ಮುಖದಲ್ಲಿ ಆಶ್ಚರ್ಯವಾಗಲಿ ಸಿಟ್ಟಾಗಲಿ ಕಾಣಲಿಲ್ಲ.

"ಕಾಶವ್ವಾ, ನಿನ್ನ ಲೆಕ್ಕ ಖರೆ ಇತ್ತು. ನಂದು ತಪ್ಪಿತ್ತು," ಎಂದರು. "ಗೆರಿ ಇದ್ದಲ್ಲಿ ಸೊನ್ನಿ ಹೊಡಿ ಅಂದವ ನಾನ."

"ಸೊನ್ನಿ ಹೊಡದದ್ದು ನನಗ ಗೊತ್ತಿತ್ತರಿ ಸರ್. ಅವತ್ತ ಪರದಿ ಮ್ಯಾಲ ಕಂಡವು."

"ಮತ್ತ ಹೇಳಬೇಕಿಲ್ಲೇನ?"

ಕಾಶೆವ್ವ ಪೆನ್ನಿಗೆ ಟೋಪಿ ಹಾಕಿದಳು. "ಎರಡ ಸಲ ಹೇಳಿದ್ನಿರಿ."

ಒಳಗಿನಿಂದ ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಬಂದು ಇಬ್ಬರನ್ನೂ ನೋಡಿ ಮತ್ತೆ ಒಳಗೆ ಹೋದಳು.

"ಈಗ ನಾ ಏನ ಮಾಡ್ಲಿ, ಹೇಳು," ಎಂದರು ಚೌಗಲೆ ಸರ್.

"ಅದನ್ನೂ ನಾನ ಹೇಳಬೇಕೇನ್ರಿ?" ಎಂದಳು. ಫಾರ್ಮ್ ಮಡಿಚುತ್ತ ಮೆಲ್ಲಗೆ ಅಂದಳು. "ನನಗ ಗೊತ್ತಿದ್ದದ್ದನ್ನ ನನಗ ಬಂದ ಹೇಳಿದ್ರಿ ಸರ್. ಅಲ್ಲಿ ನಕ್ಕವ್ರಿಗೆ ಗೊತ್ತಿಲ್ಲ. ಅವರು ಇವತ್ತಿಗೂ ನಾ ಸುಳ್ಳ ಬರದಾಕಿ ಅಂತನ ತಿಳದಾರ. ಗೋಕಾಕ ಬಸ್ ಸ್ಟ್ಯಾಂಡಿನ್ಯಾಗ ಅವರನ್ನ ಕಂಡ್ರ ನಾ ಕಂಬದ ಹಿಂದ ನಿಲ್ಲತೇನಿ."

ಅವಳು ಕೂಸಿನ ತಾಯಿಯನ್ನು ಕರೆದು ತನ್ನ ಕೆಲಸ ಮುಂದುವರಿಸಿದಳು.

ಆ ಇಪ್ಪತ್ತೊಂದು ಮಂದಿ ಈಗ ಮೂರನೇ ವರ್ಷದಲ್ಲಿದ್ದರು. ಬುಧವಾರ ಚೌಗಲೆ ಸರ್ ಅವರನ್ನೆಲ್ಲ ಲ್ಯಾಬಿಗೆ ಕರೆದು ಅದೇ ಕಂಪ್ಯೂಟರಿನ ಸುತ್ತ ನಿಲ್ಲಿಸಿದರು. ತಾವು ಅಳಿಸಿದ್ದ ಸೊನ್ನೆಗಳನ್ನು ಎಲ್ಲರೆದುರು ಒಂದೊಂದಾಗಿ ಮತ್ತೆ ಒತ್ತಿದರು. ಎಪ್ಪತ್ತೆರಡು. ಕಂಬಚಿತ್ರ ಬಿಡಿಸಿ ಎಡತುದಿಯ ಒಂಟಿ ಕಂಬವನ್ನು ತೋರಿಸಿದರು. ಮತ್ತೆ ಒಂದೊಂದೇ ಸೊನ್ನೆ ಅಳಿಸಿದರು. ಪ್ರತಿ ಸಲ ಸರಾಸರಿ ಚೂರು ಚೂರು ಏರುತ್ತ ಹೋಗಿ ತೊಂಬತ್ತಕ್ಕೆ ನಿಂತಿತು.

"ಕಂಪ್ಯೂಟರ್ ತಪ್ಪ ಮಾಡಿಲ್ಲ, ಕಾಶವ್ವ ತಪ್ಪ ಮಾಡಿಲ್ಲ," ಎಂದರು. "ನಾ ಮಾಡೇನಿ. ಗೊತ್ತಿಲ್ಲ ಅನ್ನೂದಕ್ಕ ನಾ ಏನೂ ಇಲ್ಲ ಅಂತ ಬರಸಿದೆ. ಹಗಲೆಲ್ಲಾ ದುಡಿಯೂ ಹನ್ನೆರಡ ಹೆಣಮಕ್ಕಳು ನೀರಿಗೆ ಹೋಗೂದೇ ಇಲ್ಲ ಅಂತ ಬರಸಿದೆ. ಆ ಹುಡುಗಿ ಹೇಳಾಕ ಬಂದ್ಳು, ನಾ ಬಾಯಿ ಮುಚ್ಚಿಸಿದೆ. ಅಕಿ ಪುಸ್ತಕ ನಾ ಪೂರಾ ಓದಿರಲಿಲ್ಲ. ಮತ್ತ ಇದು ನನಗ ತಿಳದು ಒಂದು ತಿಂಗಳಾತು. ಒಂದು ತಿಂಗಳು ಸುಮ್ಮನ ಇದ್ದೆ."

ಆ ದಿನ ಮೊದಲು ನಕ್ಕವನು ಯಾರೆಂದು ಅವರಿಗೆ ಈಗ ಗೊತ್ತಾಯಿತು. ಅವನೊಬ್ಬನೇ ತಲೆ ತಗ್ಗಿಸಿದ್ದ. ಸೊನ್ನೆ ಒತ್ತಿದ ಕೈ ಯಾರದೆಂದು ಅವರು ಹೇಳಲಿಲ್ಲ, ಆದರೆ ಎಲ್ಲರ ಅಂಕಿಗಳನ್ನೂ ಟೈಪ್ ಮಾಡಿದವಳು ಯಾರೆಂದು ಅಲ್ಲಿ ತಿಳಿಯದವರು ಇರಲಿಲ್ಲ. ಎಲ್ಲರೂ ಹೋದ ಮೇಲೆ ಪ್ರಣಿತಾ ಬಾಗಿಲಲ್ಲಿ ನಿಂತು, "ಕಾಕಾ, ನಾ ಕೇಳಿದ್ದೆ. ಅವತ್ತ ನಾ ನಿಮ್ಮನ್ನ ಕೇಳೇ ಹೊಡದಿದ್ದೆ," ಎಂದಳು.

"ಹೌದು. ನೀ ಕೇಳಿದ್ದಿ."

"ಇದನ್ನ ಮನ್ಯಾಗ ನನಗ ಮೊದಲ ಹೇಳಬಹುದಿತ್ತು."

ಅದೂ ನಿಜವೇ. ಒಂದು ತಪ್ಪನ್ನು ಒರೆಸಲು ಹೋಗಿ ಇನ್ನೊಬ್ಬಳನ್ನು ಎಲ್ಲರೆದುರು ನಿಲ್ಲಿಸಿದ್ದರು. ಪ್ರಣಿತಾ ಪ್ರಶಸ್ತಿಪತ್ರವನ್ನು ತಾನೇ ಅಂಚೆಯಲ್ಲಿ ಮೂಡಲಗಿಗೆ ಕಳಿಸಿದಳು. ಅದರ ಜೊತೆಗಿನ ಪತ್ರದಲ್ಲಿ ಕಾಶೆವ್ವನ ಹೆಸರು ಬರೆದಳು. ಅವಳ ತಂದೆ ದೀಪಾವಳಿಗೆ ತಮ್ಮನ ಮನೆಗೆ ಬರಲಿಲ್ಲ.

ಪ್ರಾಚಾರ್ಯರು ಆದದ್ದಾಯಿತು ಬಿಡಿ ಎಂದರು. ಚೌಗಲೆ ಸರ್ ಬಿಡಲಿಲ್ಲ. ನಾಲ್ಕು ಅರ್ಜಿ ಬರೆದು, ಎರಡು ಸಲ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದ ಮೇಲೆ, ಕಾಶೆವ್ವ ಎರಡನೇ ವರ್ಷಕ್ಕೆ ಮತ್ತೆ ಸೇರಬಹುದೆಂದು ಪತ್ರ ಬಂತು. ಅದನ್ನು ಹಿಡಿದು ಕಲ್ಲೋಳಿಗೆ ಹೋದರು. ಈ ಸಲ ಸಾವಂತ್ರೆವ್ವನ ಎದುರು ಕೂತು, ಲೆಕ್ಕ ತಲೆಗೆ ಹತ್ತದೆ ಹೋದದ್ದು ಯಾರಿಗೆ ಎಂಬುದನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಅವಳು ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ದಿನ ನೀರು ಕೊಡಲಿಲ್ಲ. ಮರೆತಳೋ ಬೇಕೆಂದೇ ಬಿಟ್ಟಳೋ ಅವರಿಗೆ ತಿಳಿಯಲಿಲ್ಲ. ಪತ್ರವನ್ನು ಮಾತ್ರ ತೆಗೆದುಕೊಂಡಳು.

೨೦೦೩ರ ಜೂನಿನಲ್ಲಿ ಕಾಶೆವ್ವ ಬಂದಳು. ತನಗಿಂತ ಎರಡು ವರ್ಷ ಚಿಕ್ಕವರ ನಡುವೆ ಕೊನೆಯ ಬೆಂಚಿನಲ್ಲಿ ಕೂತಳು. ಕಂಪ್ಯೂಟರನ್ನು ಒಂದೇ ತಿಂಗಳಲ್ಲಿ ಕಲಿತಳು. ಪಕ್ಕದ ಹುಡುಗಿಯರಿಗೆ, ಸೂತ್ರ ಹಾಕುವ ಮೊದಲು ಅಂಕಿಗಳ ಕಂಬ ಬಿಡಿಸಿ ನೋಡಬೇಕೆಂದು ಅವಳೇ ಹೇಳಿಕೊಡುತ್ತಿದ್ದಳು. ಅವರೂ ಮೊದಲು ಅವಳನ್ನೇ ಕೇಳುತ್ತಿದ್ದರು. ಚೌಗಲೆ ಸರ್ ಲ್ಯಾಬಿನಲ್ಲಿ ಒಬ್ಬೊಬ್ಬರ ಹಿಂದೆ ನಿಂತು ನೋಡುತ್ತ ಬರುವಾಗ ಅವಳು ಕುರ್ಚಿಯನ್ನು ಸ್ವಲ್ಪ ಸರಿಸಿ, ಅವರಿಗೆ ಪರದೆ ಕಾಣುವಂತೆ ಜಾಗ ಬಿಡುತ್ತಿದ್ದಳು.

"ಏನರ ಸಂಶಯ ಐತೇನವ್ವಾ?" ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು.

"ಇಲ್ಲರಿ ಸರ್," ಎನ್ನುತ್ತಿದ್ದಳು ಕಾಶೆವ್ವ.

ಎರಡು ವರ್ಷದಲ್ಲಿ ಅವಳು ಅವರನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರು ಅಲ್ಲಿ ಒಂದು ನಿಮಿಷ ನಿಂತು, ಅವಳ ಅಂಕಿಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದನ್ನೂ ಬಿಡದೆ ಓದಿ, ಮುಂದಿನ ಕುರ್ಚಿಗೆ ಹೋಗುತ್ತಿದ್ದರು.